ಹೆರಿಗೆ ಕೋಣೆಯ ಮರೆ



ನಮ್ಮ ಧಾರಾಪುರದ ಕಡೆ ಮನೆಯೊಳಗೆ ಕನ್ನಡ, ಬೀದಿಗಿಳಿದರೆ ತಮಿಳು. ನಾವು ಸೂಲಗಿತ್ತಿ ಎಂದರೆ ಅವರು ಮರುತ್ತುವಚ್ಚಿ ಎನ್ನುತ್ತಾರೆ. ಮಾತು ಎರಡಾದರೂ ಹೆರಿಗೆಯ ನೋವು ಒಂದೇ.

1986ರಲ್ಲಿ ನನ್ನ ಮನೆಯವರಿಗೆ ಚೊಚ್ಚಲ ಹೆರಿಗೆ. ಒಂದು ಆಸ್ಪತ್ರೆಗೆ ಸೇರಿಸಿದೆವು, ಹೆಸರು ಬೇಡ. ನಮ್ಮತ್ತೆಯವರನ್ನು ಬಾಗಿಲಲ್ಲೇ ತಡೆದರು. ಒಳಗೆ ಸಾಲಾಗಿ ಮಂಚಗಳು, ನಡುವೆ ಪರದೆಯೂ ಇಲ್ಲವಂತೆ. ತಾಯಿ ಮಗು ಸುಖವಾಗಿ ಮನೆಗೆ ಬಂದರು. ಆದರೆ ಆಕೆ, "ಎರಡನೆಯದು ಮನೆಯಲ್ಲೇ ಆಗಲಿ" ಎಂದಳು. ನನಗೆ ಎದೆ ಧಸಕ್ಕೆಂದಿತು. ಮನೆಯ ಹೆರಿಗೆಯಲ್ಲಿ ರಕ್ತ ಹೋಗಿ ತೀರಿಕೊಂಡವರನ್ನು ನಮ್ಮ ಬೀದಿ ಕಂಡಿತ್ತು.

ಹೀಗೆ ಆಸ್ಪತ್ರೆ ಬೇಡವೆಂದವರು ಹಿಂದೆಯೂ ಇದ್ದರು. ಮದರಾಸಿನಲ್ಲಿ ಸರ್ಕಾರಿ ಹೆರಿಗೆ ಆಸ್ಪತ್ರೆ 1844ರಲ್ಲೇ ಆರಂಭವಾಯಿತು, ಎಗ್ಮೋರಿನಲ್ಲಿರುವುದು ಅದೇ. ಆದರೂ ಗೋಷಾ ಪಾಲಿಸುವ ಮತ್ತು ಮಡಿವಂತ ಮನೆತನಗಳ ಅನೇಕ ಹೆಂಗಸರು ಗಂಡಸು ಡಾಕ್ಟರರ ಮುಂದೆ ಬರಲೊಲ್ಲರು. ಇದನ್ನು ಕಂಡು ಮರುಗಿದ ಮೇರಿ ಷಾರ್ಲೀಬ್ ಎಂಬ ಇಂಗ್ಲಿಷ್ ಮಹಿಳೆ 1875ರಲ್ಲಿ ಮದರಾಸು ಮೆಡಿಕಲ್ ಕಾಲೇಜು ಸೇರಿದರು. ಅವರ ಪ್ರಯತ್ನದಿಂದ 1885ರಲ್ಲಿ ಇಂಥ ಹೆಂಗಸರಿಗಾಗಿಯೇ ಒಂದು ಆಸ್ಪತ್ರೆ ತೆರೆಯಿತು. ಜನ ಅದನ್ನು ಗೋಷಾ ಆಸ್ಪತ್ರೆ ಎಂದರು. ಇಂದು ಅದು ತಿರುವಲ್ಲಿಕ್ಕೇಣಿಯ ಕಸ್ತೂರಬಾ ಗಾಂಧಿ ಆಸ್ಪತ್ರೆ. ಬೆಂಗಳೂರಿನಲ್ಲೂ 1935ರಲ್ಲಿ ಹೆಂಗಸರು ಮಕ್ಕಳಿಗೆಂದೇ ವಾಣಿವಿಲಾಸ ಆಸ್ಪತ್ರೆ ಬಂತು.

ಆಸ್ಪತ್ರೆಗಳಿಂದ ಜೀವಗಳು ಉಳಿದವು, ನಿಜ. ಆದರೆ ಸೂಲಗಿತ್ತಿಯ ಕಾಲದ ಒಂದು ಆಸರೆ ಬಾಗಿಲಾಚೆ ಉಳಿಯಿತು: ಬೆನ್ನು ನೀವುವ ಕೈ, ಧೈರ್ಯ ಹೇಳುವ ಬಾಯಿ. ಹೆರುವವಳ ಬಳಿ ಒಬ್ಬರು ಸದಾ ಇದ್ದರೆ ಸಹಜ ಹೆರಿಗೆ ಹೆಚ್ಚು, ನೋವಿನ ಹೊತ್ತು ಕೊಂಚ ಕಡಿಮೆ ಎಂದು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ. 2017ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ‘ಲಕ್ಷ್ಯ’ ಯೋಜನೆಯೂ ಸರ್ಕಾರಿ ಹೆರಿಗೆ ಕೋಣೆಗಳಲ್ಲಿ ಮರೆ ಇರಬೇಕು, ಜೊತೆಗೊಬ್ಬರು ಇರಬೇಕು ಎನ್ನುತ್ತದೆ.

ಬ್ಯಾಂಕಿನ ಕೌಂಟರಿನಲ್ಲಿ ಕೂತವನಿಗೆ ಗೊತ್ತು: ಒಮ್ಮೆ ಮುಖ ಮುರಿದರೆ ಗಿರಾಕಿ ಮತ್ತೆ ಬಾರನು. ಆಸ್ಪತ್ರೆಯಲ್ಲಿ ಹಾಗಾದರೆ ನಷ್ಟ ಒಂದು ಜೀವ.

ಎರಡನೆಯ ಹೆರಿಗೆಗೆ ಬೇರೆ ಆಸ್ಪತ್ರೆ ಹುಡುಕಿದೆ. ಅಲ್ಲಿಯೂ ಪರದೆ ಇರಲಿಲ್ಲ. ಆದರೆ ನರ್ಸಮ್ಮ ಹಗ್ಗ ಕಟ್ಟಿ, ನಮ್ಮದೇ ಹಳೆಯ ಸೀರೆ ಇಳಿಬಿಟ್ಟು, "ಉಳ್ಳೆ ವಾಂಗಮ್ಮಾ" ಎಂದು ಅತ್ತೆಯವರನ್ನು ಕರೆದರು. ಖರ್ಚೆಷ್ಟು? ಒಂದು ಮಾರು ಹಗ್ಗ.

ನಿಮ್ಮ ಮಗಳನ್ನೋ ಸೊಸೆಯನ್ನೋ ಸೇರಿಸುವ ಮುನ್ನ ಈ ಎರಡನ್ನು ಕೇಳಿ: ಮರೆ ಇದೆಯೇ, ಜೊತೆಗೊಬ್ಬರನ್ನು ಬಿಡುತ್ತೀರಾ? ಕನ್ನಡದಲ್ಲೋ ತಮಿಳಿನಲ್ಲೋ, ಕೇಳಿ.