ಕಂಸಾಳೆಯ ಪಾಠಶಾಲೆಯಿಂದ ಗಣಕಯಂತ್ರದ ಪರದೆಗೆ



ಕೆಲವು ವರ್ಷಗಳ ಹಿಂದೆ ದ್ವಿತೀಯ ಪಿಯುಸಿ ಫಲಿತಾಂಶ ಬಂದ ವಾರದಲ್ಲಿ ಹನೂರಿನ ಕಡೆಯ ಹಳ್ಳಿಯೊಂದರಿಂದ ದಂಪತಿಗಳು ಮಗಳನ್ನು ಕರೆದುಕೊಂಡು ನನ್ನಲ್ಲಿಗೆ ಬಂದಿದ್ದರು. ಮಗಳಿಗೆ ಕನ್ನಡ ಸಾಹಿತ್ಯ ಓದಬೇಕು, ಕಥೆ ಬರೆಯುವುದನ್ನು ಶಾಸ್ತ್ರೀಯವಾಗಿ ಕಲಿಯಬೇಕು, ಅದರ ಜೊತೆಗೇ ಧ್ವನಿಮುದ್ರಣ, ವಿಡಿಯೋ ಮುಂತಾದ ಡಿಜಿಟಲ್ ಮಾಧ್ಯಮದ ಕೆಲಸವನ್ನೂ ಕಲಿಯಬೇಕೆಂಬ ಆಸೆ. ಅವಳ ಅಜ್ಜಿ ಮದುವೆಮನೆಗಳಲ್ಲಿ ಕನ್ನಡ ತಮಿಳು ಎರಡೂ ಬೆರೆತ ಸೋಬಾನೆ ಪದಗಳನ್ನು ಹಾಡುತ್ತಿದ್ದರಂತೆ. ಅವನ್ನೆಲ್ಲ ಬರೆದು, ಧ್ವನಿ ಹಿಡಿದಿಡಬೇಕೆಂಬುದು ಅವಳ ಮೊದಲ ಯೋಜನೆ. "ಇದರಿಂದ ಅನ್ನ ಹುಟ್ಟುತ್ತದೆಯೇ ಫಾದರ್?" ಎಂದು ತಂದೆ ಕೇಳಿದರು. ನಾನು ಹೆಚ್ಚು ಯೋಚಿಸದೆ, "ಮೊದಲು ಕೆಲಸ ಸಿಗುವ ಓದು ಓದಲಿ, ಕಥೆ ಹಾಡುಗಳು ಆಮೇಲೆ ಇದ್ದೇ ಇರುತ್ತವೆ" ಎಂದುಬಿಟ್ಟೆ. ಮಗಳು ವಿಧೇಯಳಾಗಿ ಬೇರೆ ವಿಷಯ ಓದಿದಳು, ಕೆಲಸವೂ ಸಿಕ್ಕಿತು. ಆದರೆ ಎರಡು ವರ್ಷಗಳಲ್ಲಿ ಅಜ್ಜಿ ತೀರಿಕೊಂಡರು. ಹಾಡುಗಳು "ಇದ್ದೇ" ಇರಲಿಲ್ಲ. ಅವರೊಡನೆ ಮಣ್ಣಿಗೆ ಹೋದವು.

ಅಂದು ನಾನು ಕೊಟ್ಟ ಉತ್ತರ ಸರಿಯಾಗಿತ್ತೇ? ಈ ಪ್ರಶ್ನೆಯನ್ನು ಹಿಡಿದುಕೊಂಡು ನಮ್ಮ ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯ ಚರಿತ್ರೆಯನ್ನು ತಿರುವಿ ನೋಡಿದಾಗ ನನಗೆ ಕಂಡದ್ದನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಗೋಡೆಗಳಿಲ್ಲದ ವಿದ್ಯಾಲಯ

ಸಾಹಿತ್ಯ ರಚನೆಯನ್ನು ಕಲಿಸಲು ಸಾಧ್ಯವೇ, ಅದು ಹುಟ್ಟಿನಿಂದ ಬರುವ ವರವಲ್ಲವೇ ಎಂದು ಕೇಳುವವರಿದ್ದಾರೆ. ಅಮೆರಿಕದ ಅಯೋವಾ ವಿಶ್ವವಿದ್ಯಾನಿಲಯ 1936ರಲ್ಲಿ ಬರಹಗಾರರಿಗಾಗಿಯೇ ಒಂದು ಶಿಕ್ಷಣ ಕ್ರಮವನ್ನು ಆರಂಭಿಸಿತು. ಇಂಗ್ಲೆಂಡಿನ ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾನಿಲಯ 1970ರಲ್ಲಿ ಸೃಜನಶೀಲ ಬರವಣಿಗೆಯಲ್ಲಿ ಸ್ನಾತಕೋತ್ತರ ಪದವಿಯನ್ನು ತೆರೆಯಿತು. ಇವು ಹೊಸ ಪ್ರಯೋಗಗಳೆಂದು ಜಗತ್ತು ಬೆರಗುಪಟ್ಟಿತು. ಆದರೆ ನಮ್ಮ ಸೀಮೆಯಲ್ಲಿ ಕಾವ್ಯವನ್ನು ಕಲಿಸುವ ಪದ್ಧತಿ ಎಷ್ಟೋ ತಲೆಮಾರುಗಳಿಂದ ನಡೆದು ಬಂದಿದೆ.

ಮಲೆ ಮಹದೇಶ್ವರ ಬೆಟ್ಟದ ದೇವರಗುಡ್ಡರನ್ನು ನೀವು ನೋಡಿರುತ್ತೀರಿ. ಒಂದು ಕೈಯಲ್ಲಿ ಬಟ್ಟಲಿನಾಕಾರದ ಕಂಚಿನ ತಾಳ, ಇನ್ನೊಂದು ಕೈಯಲ್ಲಿ ದಾರಕ್ಕೆ ಕಟ್ಟಿದ ಚಪ್ಪಟೆ ತಾಳ. ಇದೇ ಕಂಸಾಳೆ. ಹಾಗೆಯೇ ಚಿಕ್ಕಲ್ಲೂರಿನ ಸಿದ್ಧಪ್ಪಾಜಿಯ ಒಕ್ಕಲಾದ ನೀಲಗಾರರು ತಂಬೂರಿ, ಗಗ್ಗರ, ಡಕ್ಕೆಗಳೊಡನೆ ಮಂಟೇಸ್ವಾಮಿಯ ಕಥೆಯನ್ನು ರಾತ್ರಿಯಿಡೀ ಹಾಡುತ್ತಾರೆ. ಹರಕೆಯಿಂದ ಗುಡ್ಡನಾಗಿಯೋ ನೀಲಗಾರನಾಗಿಯೋ ದೀಕ್ಷೆ ಪಡೆದ ಹುಡುಗ ಹಿರಿಯ ಹಾಡುಗಾರನ ಹಿಂದೆ ಊರೂರು ನಡೆಯುತ್ತಾನೆ. ಮೊದಲು ಹಿಮ್ಮೇಳದಲ್ಲಿ ನಿಂತು ಸೊಲ್ಲು ಹಿಡಿಯುತ್ತಾನೆ. ಬರಬರುತ್ತಾ ಸಣ್ಣ ಪ್ರಸಂಗಗಳನ್ನು ತಾನೇ ಹೇಳುತ್ತಾನೆ. ಕೊನೆಗೆ ಇಡೀ ಕಾವ್ಯವೇ ಅವನ ಹೊಣೆಯಾಗುತ್ತದೆ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಅವನು ಕಲಿಯುವುದು ಬಾಯಿಪಾಠವನ್ನಲ್ಲ. ಕಥೆಯ ನಡೆ, ಮಾತಿನ ಲಯ, ಬಣ್ಣನೆಯ ಪಡಿಯಚ್ಚುಗಳು ಅವನಿಗೆ ಒಲಿಯುತ್ತವೆ. ಅವುಗಳಿಂದ ಎದುರಿಗೆ ಕುಳಿತ ಜನಕ್ಕೆ, ಉಳಿದಿರುವ ಹೊತ್ತಿಗೆ ತಕ್ಕಂತೆ ಪ್ರತಿ ರಾತ್ರಿಯೂ ಕಾವ್ಯವನ್ನು ಹೊಸದಾಗಿ ಕಟ್ಟುತ್ತಾನೆ. ರಚನೆಯೂ ಅವನದೇ, ವಾದ್ಯವೂ ಅವನದೇ, ಪ್ರಸಾರವೂ ಅವನದೇ. ಬರಹವನ್ನೂ ಮಾಧ್ಯಮವನ್ನೂ ಒಟ್ಟಿಗೆ ಕಲಿಯುವುದೆಂದರೆ ಇದಲ್ಲದೆ ಬೇರೇನು? ಈ ವಿದ್ಯೆ ಮೇಲ್ಜಾತಿಯವರ ಸೊತ್ತಾಗಿರಲಿಲ್ಲ ಎಂಬುದನ್ನೂ ಮರೆಯಬಾರದು. ಅಕ್ಷರದಿಂದ ದೂರವಿಡಲ್ಪಟ್ಟ ಸಮುದಾಯಗಳೇ ಇದನ್ನು ಕಾಪಾಡಿಕೊಂಡು ಬಂದವು.

ಯಳಂದೂರಿನ ಹೆಣ್ಣುಮಗಳು

ಅಕ್ಷರದ ಕಾವ್ಯಕ್ಕೂ ಈ ಸೀಮೆ ಬಡವಲ್ಲ. 17ನೇ ಶತಮಾನದಲ್ಲಿ 'ರಾಜಶೇಖರ ವಿಳಾಸ' ಬರೆದ ಷಡಕ್ಷರದೇವ ಯಳಂದೂರಿನ ಮಠದಲ್ಲಿದ್ದವನು. ಅದೇ ಶತಮಾನದ ಕೊನೆಯ ಭಾಗದಲ್ಲಿ ಯಳಂದೂರಿನ ಒಬ್ಬ ಹೆಣ್ಣುಮಗಳು ಮೈಸೂರಿನ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ರಾಣಿ ದೇವಾಜಮ್ಮಣ್ಣಿಯವರ ಸೇವೆಯಲ್ಲಿದ್ದಳು. ಎಲೆ ಅಡಿಕೆಯ ಸಂಚಿ ಹಿಡಿಯುವುದು ಅವಳ ಕೆಲಸ. ಆದ್ದರಿಂದಲೇ ಅವಳು ಸಂಚಿ ಹೊನ್ನಮ್ಮ.

ಚಿಕ್ಕದೇವರಾಜರು 1673ರಿಂದ 1704ರವರೆಗೆ ಆಳಿದರು. ಅವರ ಆಸ್ಥಾನ ಪಂಡಿತರ, ಕವಿಗಳ ಸಭೆಯಾಗಿತ್ತು. ಆಸ್ಥಾನ ಕವಿ ಸಿಂಗರಾರ್ಯನು ಹೊನ್ನಮ್ಮನಿಗೆ ಗುರುವಾದನು. ಅವಳು ಬರೆದ 'ಹದಿಬದೆಯ ಧರ್ಮ' ಒಂಬತ್ತು ಸಂಧಿಗಳ ಸಾಂಗತ್ಯ ಕಾವ್ಯ. ಸಾಂಗತ್ಯ ಹಾಡಿಕೊಳ್ಳುವ ಛಂದಸ್ಸು. ಓದು ಬಾರದ ಹೆಂಗಸರೂ ಕೇಳಿ ನೆನಪಿನಲ್ಲಿಡಬಲ್ಲ ಛಂದಸ್ಸು. ತನ್ನ ಕೇಳುಗರು ಯಾರು, ಅವರನ್ನು ಮುಟ್ಟುವ ದಾರಿ ಯಾವುದು ಎಂಬುದು ಅವಳಿಗೆ ತಿಳಿದಿತ್ತು.

ಗೃಹಿಣಿಯ ಕರ್ತವ್ಯಗಳನ್ನು ಹೇಳುವ ಆ ಕಾವ್ಯದ ಎಲ್ಲ ಮಾತುಗಳನ್ನೂ ಇಂದಿನ ನಮ್ಮ ಹೆಣ್ಣುಮಕ್ಕಳು ಒಪ್ಪಲಾರರು, ಒಪ್ಪಬೇಕಾಗಿಯೂ ಇಲ್ಲ. ಆದರೆ ಹೆತ್ತವಳೂ ಹೆಣ್ಣಲ್ಲವೇ, ಮತ್ತೇಕೆ ಹೆಣ್ಣನ್ನು ಕೀಳುಗಾಣುವಿರಿ ಎಂಬ ಅರ್ಥದ ಪ್ರಶ್ನೆಯನ್ನು ಅದೇ ಕಾವ್ಯದೊಳಗಿಟ್ಟವಳೂ ಅವಳೇ. ನನ್ನನ್ನು ಕಾಡುವ ಪ್ರಶ್ನೆ ಬೇರೊಂದು. ಅಂದು ಯಳಂದೂರಿನಲ್ಲಿ ಇಂಥ ಬುದ್ಧಿ ಇದ್ದವಳು ಹೊನ್ನಮ್ಮ ಒಬ್ಬಳೇ ಇದ್ದಳೇ? ಇರಲಾರದು. ಅವಳಿಗೆ ಒಂದು ಬಾಗಿಲು ತೆರೆಯಿತು, ಒಬ್ಬ ಗುರು ದೊರೆತ. ಉಳಿದವರ ಹೆಸರು ನಮಗೆ ಗೊತ್ತಿಲ್ಲ.

ವಿಶ್ವವಿದ್ಯಾನಿಲಯ ಬಂದಿತು

1817ರಲ್ಲಿ ವಿಲಿಯಂ ಕೇರಿಯವರ ಕನ್ನಡ ವ್ಯಾಕರಣ ಶ್ರೀರಾಂಪುರದಲ್ಲಿ ಅಚ್ಚಾಯಿತು. 1843ರಲ್ಲಿ ಹರ್ಮನ್ ಮೋಗ್ಲಿಂಗ್ ಮಂಗಳೂರಿನಿಂದ ಮೊದಲ ಕನ್ನಡ ಪತ್ರಿಕೆಯನ್ನು ಹೊರಡಿಸಿದರು. ಮುದ್ರಣದಿಂದ ಬರಹಕ್ಕೆ ಹೊಸ ಮಾಧ್ಯಮ ದೊರೆತಂತೆ, 1916ರಲ್ಲಿ ಸ್ಥಾಪನೆಯಾದ ಮೈಸೂರು ವಿಶ್ವವಿದ್ಯಾನಿಲಯದಿಂದ ಹೊಸ ಬಾಗಿಲೂ ತೆರೆಯಿತು. 1919ರಲ್ಲಿ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘದಿಂದ ಎ.ಆರ್. ಕೃಷ್ಣಶಾಸ್ತ್ರಿಗಳು 'ಪ್ರಬುದ್ಧ ಕರ್ನಾಟಕ'ವನ್ನು ಆರಂಭಿಸಿದರು. 1927ರಲ್ಲಿ ಕನ್ನಡ ಎಂ.ಎ. ತರಗತಿ ಪ್ರಾರಂಭವಾಯಿತು. ಕುವೆಂಪು ಅವರು 1929ರಲ್ಲಿ ಅಲ್ಲಿಂದಲೇ ಪದವಿ ಪಡೆದರು.

ಮಾಧ್ಯಮವೂ ಹಿಂದೆ ಬೀಳಲಿಲ್ಲ. 1935ರಲ್ಲಿ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದಲೇ ರೇಡಿಯೋ ಪ್ರಸಾರವನ್ನು ಆರಂಭಿಸಿ ಅದಕ್ಕೆ 'ಆಕಾಶವಾಣಿ' ಎಂಬ ಹೆಸರಿಟ್ಟರು. ಇಡೀ ದೇಶದ ಬಾನುಲಿಗೆ ಮುಂದೆ ಬಂದ ಹೆಸರು ಒಬ್ಬ ಕಾಲೇಜು ಅಧ್ಯಾಪಕರ ಮನೆಯಿಂದ ಹೊರಟದ್ದು! 1951ರಲ್ಲಿ ಮಹಾರಾಜ ಕಾಲೇಜಿನಲ್ಲಿ ಪತ್ರಿಕೋದ್ಯಮದ ಅಧ್ಯಯನವೂ ಆರಂಭವಾಯಿತು.

ಆದರೆ ಕೊಳ್ಳೇಗಾಲಕ್ಕೆ ಈ ಬಾಗಿಲು ತಡವಾಗಿ ತೆರೆಯಿತು. ಯಳಂದೂರು ಮೈಸೂರು ಸಂಸ್ಥಾನದಲ್ಲಿತ್ತು, ದಿವಾನ್ ಪೂರ್ಣಯ್ಯನವರಿಗೆ 1807ರಲ್ಲಿ ಜಹಗೀರಾಗಿ ಬಂದ ಊರು. ಅದಕ್ಕೆ ಅಂಟಿಕೊಂಡೇ ಇರುವ ಕೊಳ್ಳೇಗಾಲ ಮಾತ್ರ, ಹನೂರನ್ನೂ ಒಳಗೊಂಡು, 1956ರ ನವೆಂಬರ್ 1ರವರೆಗೆ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಕನ್ನಡದ ಮಹಾಕಾವ್ಯಗಳನ್ನು ಹಾಡುವ ನಾಡಿಗೆ ಕನ್ನಡದ ವಿಶ್ವವಿದ್ಯಾನಿಲಯ ಆಡಳಿತದ ಗಡಿಯಾಚೆ ಉಳಿದಿತ್ತು.

ಆ ಕಾಲದಲ್ಲಿ ಇಲ್ಲಿಯವರಿಗೆ ರಂಗಭೂಮಿಯೇ ಕಾಲೇಜು. ಕೊಳ್ಳೇಗಾಲ ತಾಲ್ಲೂಕಿನ ಸಿಂಗಾನಲ್ಲೂರಿನ ಪುಟ್ಟಸ್ವಾಮಯ್ಯನವರು ಗುಬ್ಬಿ ಕಂಪನಿಯಲ್ಲಿ ನಟರಾದರು. ಅವರ ಮಗ ಮುತ್ತುರಾಜು ಚಿಕ್ಕಂದಿನಲ್ಲೇ ಶಾಲೆ ಬಿಟ್ಟು ತಂದೆಯ ಹಿಂದೆ ರಂಗಕ್ಕೆ ಬಂದು, 1954ರಲ್ಲಿ 'ಬೇಡರ ಕಣ್ಣಪ್ಪ' ಚಿತ್ರದಿಂದ ರಾಜ್‌ಕುಮಾರ್ ಆದರು. 1976ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. ವಿದ್ಯಾರ್ಥಿಯಾಗಿ ಕಾಣದ ಬಾಗಿಲನ್ನು ಅವರು ಗೌರವದ ಅತಿಥಿಯಾಗಿ ದಾಟಿದರು. ಆದರೆ ಪ್ರತಿಯೊಬ್ಬರೂ ರಾಜ್‌ಕುಮಾರ್ ಆಗಲಾರರು. ಉಳಿದವರಿಗೆ ತೆರೆದ ಬಾಗಿಲು ಬೇಕೇ ಬೇಕು.

ಹಾಡು ಪುಸ್ತಕವಾದಾಗ

ಕಾಲಕ್ರಮದಲ್ಲಿ ವಿಶ್ವವಿದ್ಯಾನಿಲಯವೇ ಬೆಟ್ಟವನ್ನು ಹುಡುಕಿಕೊಂಡು ಬಂದಿತು. ಜಾನಪದ ವಿದ್ವಾಂಸರು ಟೇಪ್ ರೆಕಾರ್ಡರ್ ಹಿಡಿದು ಹಾಡುಗಾರರ ಮುಂದೆ ಕುಳಿತರು. 1991ರಲ್ಲಿ ಸ್ಥಾಪನೆಯಾದ ಹಂಪಿಯ ಕನ್ನಡ ವಿಶ್ವವಿದ್ಯಾನಿಲಯ ಮೌಖಿಕ ಮಹಾಕಾವ್ಯಗಳ ಪ್ರಕಟಣೆಯನ್ನು ಕೈಗೆತ್ತಿಕೊಂಡಿತು. ಹಿ.ಚಿ. ಬೋರಲಿಂಗಯ್ಯನವರು ಮಂಟೇಸ್ವಾಮಿ ಕಾವ್ಯವನ್ನೂ, ಕೆ. ಕೇಶವನ್ ಪ್ರಸಾದ್ ಅವರು ಮಲೆ ಮಾದೇಶ್ವರ ಕಾವ್ಯವನ್ನೂ ಸಂಪಾದಿಸಿದರು. ಎರಡನೆಯದನ್ನು ಹಾಡಿದವರು ಹೆಬ್ಬಣಿ ಮಾದಯ್ಯ ಮತ್ತು ಸಂಗಡಿಗರು. ಸಿ.ಎನ್. ರಾಮಚಂದ್ರನ್ ಮತ್ತು ಎಲ್.ಎನ್. ಭಟ್ ಅವರು ಮಾಡಿದ ಅದರ ಇಂಗ್ಲಿಷ್ ಅನುವಾದವನ್ನು ಸಾಹಿತ್ಯ ಅಕಾಡೆಮಿ 2001ರಲ್ಲಿ ಪ್ರಕಟಿಸಿತು.

ಹಾಡಿದವರ ಹೆಸರು ಗ್ರಂಥದ ಮೇಲೆ ಬಂದದ್ದು ಸಣ್ಣ ಸಂಗತಿಯಲ್ಲ. ಅದಕ್ಕೆ ಮೊದಲು ಎಷ್ಟೋ ಹಾಡುಗಳು ಹಾಡಿದವರ ಹೆಸರಿಲ್ಲದೆಯೇ ಪುಸ್ತಕಗಳನ್ನು ಸೇರಿದ್ದವು. ಆದರೆ ಪುಸ್ತಕವಾದಾಗ ಒಂದು ನಷ್ಟವೂ ಆಯಿತು. ಸದ್ದು ಹೋಯಿತು. ಕಂಸಾಳೆಯ ಪೆಟ್ಟು, ಹಿಮ್ಮೇಳದ ಸೊಲ್ಲು, ನಡುರಾತ್ರಿಯಲ್ಲಿ ತಗ್ಗುವ ದನಿ, ಕೇಳುಗರ ನಿಟ್ಟುಸಿರು ಇವನ್ನು ಯಾವ ಅಚ್ಚಿನ ಮೊಳೆಯೂ ಹಿಡಿದಿಡಲಾರದು. ಇಲ್ಲಿಯೇ ಡಿಜಿಟಲ್ ಮಾಧ್ಯಮದ ಪ್ರಯೋಜನವಿರುವುದು. ಪುಸ್ತಕ ಕಳೆದದ್ದನ್ನು ಅದು ಮರಳಿ ಕೊಡಬಲ್ಲದು: ಪಠ್ಯ, ಧ್ವನಿ, ದೃಶ್ಯ ಮೂರನ್ನೂ ಒಂದೇ ಕಡೆ. ಆದ್ದರಿಂದ ಸಾಹಿತ್ಯವನ್ನೂ ಮಾಧ್ಯಮವನ್ನೂ ಜೊತೆಯಾಗಿ ಕಲಿಯುವುದು ನಮ್ಮ ಸೀಮೆಯ ಮಟ್ಟಿಗೆ ವಿದೇಶೀ ಶೋಕಿಯಲ್ಲ, ಒಡೆದುಹೋದದ್ದನ್ನು ಕೂಡಿಸುವ ಕೆಲಸ.

ಇದಕ್ಕೆ ಬೇಕಾದ ಸಲಕರಣೆಗಳನ್ನು ಹಿರಿಯರು ಆಗಲೇ ಸಿದ್ಧಪಡಿಸಿದ್ದಾರೆ. 1991ರಲ್ಲಿ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲಿಯೇ ಕನ್ನಡ ಲಿಪಿಗೆ ಸ್ಥಾನ ದೊರೆಯಿತು. ಕೆ.ಪಿ. ರಾವ್ ಅವರು ಕನ್ನಡಕ್ಕೆ ಸುಲಭವಾದ ಕೀಲಿಮಣೆ ವಿನ್ಯಾಸವನ್ನು ರೂಪಿಸಿದರು. ಶೇಷಾದ್ರಿ ವಾಸು ಅವರ 'ಬರಹ' 1998ರಲ್ಲಿ ಬಂದಿತು. 2003ರಲ್ಲಿ ಕನ್ನಡ ವಿಕಿಪೀಡಿಯ ಆರಂಭವಾಯಿತು. ಇಂದು ಬೆಟ್ಟದ ಹುಡುಗಿಯ ಕೈಯಲ್ಲಿರುವ ಮೊಬೈಲ್ ಫೋನ್, ಅಂದು ವಿದ್ವಾಂಸರು ಹೊತ್ತು ತಂದ ಧ್ವನಿಮುದ್ರಣ ಯಂತ್ರಕ್ಕಿಂತ ಸಮರ್ಥವಾಗಿದೆ.

ಯಂತ್ರವಷ್ಟೇ ಸಾಲದು

ಹಾಗಾದರೆ ಕಲಿಯುವುದಕ್ಕೇನಿದೆ, ಎಲ್ಲವೂ ಫೋನಿನಲ್ಲಿಯೇ ಇದೆಯಲ್ಲ ಎನ್ನಬಹುದು. 2020ರ ಗೌರಿ ಗಣೇಶ ಹಬ್ಬದ ಸಮಯದ ಘಟನೆಯನ್ನು ನೆನಪಿಸಿಕೊಳ್ಳಿ. ಮಾದೇಶ್ವರನು ಜಂಗಮನಾಗಿ ಶರಣೆ ಸಂಕಮ್ಮನ ಬಳಿಗೆ ಬರುವ ಪ್ರಸಿದ್ಧ ಜನಪದ ಗೀತೆಯನ್ನು ಹೆಸರಾಂತ ಗಾಯಕರೊಬ್ಬರು ಹೊಸ ಶೈಲಿಯಲ್ಲಿ ಹಾಡಿ, ದೃಶ್ಯಗಳೊಡನೆ ಯೂಟ್ಯೂಬಿನಲ್ಲಿ ಬಿಡುಗಡೆ ಮಾಡಿದರು. ಸಂಕಮ್ಮನನ್ನು ಚಿತ್ರಿಸಿದ ರೀತಿ ಈ ಭಾಗದ ಭಕ್ತರಿಗೆ ಬಹಳ ನೋವು ತಂದಿತು. ಕೊನೆಗೆ ಕ್ಷಮೆ ಕೋರಿ ಆ ದೃಶ್ಯಗೀತೆಯನ್ನು ಹಿಂತೆಗೆದುಕೊಳ್ಳಲಾಯಿತು.

ಕಾವ್ಯದ ಸಂಕಮ್ಮ ಯಾರು? ಗಂಡ ಶಂಕೆಯಿಂದ ಆಣೆ ಭಾಷೆ ಕೇಳಿದಾಗ ಕೊಡಲು ಒಪ್ಪದೆ, ಚಿತ್ರಹಿಂಸೆಯನ್ನು ಸಹಿಸಿ, ಮಾದೇಶ್ವರನಿಂದ ಬಿಡುಗಡೆ ಪಡೆದವಳು. ಈ ಸೀಮೆಯ ಹೆಂಗಸರು ತಮ್ಮ ಸಂಕಟವನ್ನು ಅವಳಲ್ಲಿ ಕಾಣುತ್ತಾರೆ. ಆ ಕಥೆಯನ್ನು ಇಡಿಯಾಗಿ ಕೇಳಿದವರಿಗೆ ಅವಳು ಎಂದಿಗೂ ಅಲಂಕಾರದ ವಸ್ತುವಾಗಲಾರಳು. ಆ ಗಾಯಕರ ಉದ್ದೇಶವನ್ನು ನಾನು ಸಂಶಯಿಸುವುದಿಲ್ಲ. ಯಂತ್ರವನ್ನು ಬಲ್ಲವರು ಕಥೆಯನ್ನೂ ಬಲ್ಲವರಾಗಬೇಕು ಎಂಬುದಷ್ಟೇ ಪಾಠ. ಕಥೆಯನ್ನು ಬಲ್ಲವರು ಯಂತ್ರವನ್ನು ಬಲ್ಲವರಾಗದಿದ್ದರೆ ನಮ್ಮ ಕಥೆಗಳನ್ನು ಬೇರೆಯವರೇ ಹೇಳುತ್ತಾರೆ ಎಂಬುದು ಅದರ ಇನ್ನೊಂದು ಮುಖ.

ಪೋಷಕರಿಗೆ ಒಂದು ಮಾತು

ಈಗ ಆ ತಂದೆಯ ಪ್ರಶ್ನೆಗೆ ಬರೋಣ. ಇದರಿಂದ ಅನ್ನ ಹುಟ್ಟುತ್ತದೆಯೇ? ಖಂಡಿತ ಹುಟ್ಟುತ್ತದೆ ಎಂದು ನಾನು ಭರವಸೆ ಕೊಡಲಾರೆ. ಬರವಣಿಗೆಯಿಂದಲೇ ಬದುಕಿದವರು ಯಾವ ಕಾಲದಲ್ಲಿಯೂ ಕಡಿಮೆಯೇ. ಹೊನ್ನಮ್ಮ ಸಂಚಿ ಹಿಡಿದಳು, ನೀಲಗಾರರು ಹೊಲದಲ್ಲಿ ದುಡಿದರು, ಕುವೆಂಪು ಪಾಠ ಹೇಳಿದರು. ಆದರೆ ಬರವಣಿಗೆಯ ಜೊತೆಗೆ ಧ್ವನಿ, ಚಿತ್ರ, ಸಂಕಲನಗಳನ್ನು ಬಲ್ಲವರಿಗೆ ಪತ್ರಿಕೆ, ದೂರದರ್ಶನ, ಶಿಕ್ಷಣ, ಅನುವಾದ ಮುಂತಾಗಿ ಹಲವು ದಾರಿಗಳಿವೆ. ಆ ಎರಡನೆಯ ಕೈಕಸುಬು ಮೊದಲನೆಯದಕ್ಕೆ ಊರುಗೋಲು.

ಕಾಲೇಜಿಗೆ ಸೇರಿಸುವ ಮೊದಲು ಕೆಲವು ಪ್ರಶ್ನೆಗಳನ್ನು ಕೇಳಿ. ವಿದ್ಯಾರ್ಥಿಗಳು ಬರೆದದ್ದನ್ನು ಓದಿ ತಿದ್ದುವ ಅಧ್ಯಾಪಕರಿದ್ದಾರೆಯೇ? ಗ್ರಂಥಾಲಯದಲ್ಲಿ ಹಳೆಯ ಕಾವ್ಯಗಳೂ ಹೊಸ ಕಥೆಗಳೂ ಇವೆಯೇ? ಉಪಕರಣಗಳನ್ನು ಮಕ್ಕಳ ಕೈಗೆ ಕೊಡುತ್ತಾರೆಯೇ, ಬೀರುವಿನಲ್ಲಿ ಬೀಗ ಹಾಕಿಡುತ್ತಾರೆಯೇ? ಹಾಡುಗಾರರ ಬಳಿ ಹೋದಾಗ ಅವರ ಒಪ್ಪಿಗೆ ಪಡೆಯುವುದನ್ನು, ಅವರ ಹೆಸರನ್ನು ದಾಖಲಿಸುವುದನ್ನು ಕಲಿಸುತ್ತಾರೆಯೇ? ಹಿಂದೆ ಕೊಳ್ಳೇಗಾಲದವರಿಗೆ ಗಡಿಯಾಚೆ ಇದ್ದ ಉನ್ನತ ಶಿಕ್ಷಣ ಈಗ ಹತ್ತಿರ ಬಂದಿದೆ. ಮಹದೇಶ್ವರರ ಹೆಸರು ಹೊತ್ತ ಸರ್ಕಾರಿ ಪ್ರಥಮ ದರ್ಜೆ ಕಾಲೇಜು ಕೊಳ್ಳೇಗಾಲದಲ್ಲಿಯೇ ಇದೆ. ಮೈಸೂರು ಬಸ್ಸಿನ ದಾರಿಯಷ್ಟೇ.

ಆ ಹುಡುಗಿಗೆ ನಾನು ತಡವಾಗಿ ಕ್ಷಮೆ ಕೇಳಿದೆ. ಅವಳು ನಕ್ಕು, ಅಜ್ಜಿಯ ಎರಡು ಪದಗಳು ಅರ್ಧರ್ಧ ನೆನಪಿವೆ, ಅವನ್ನು ಬರೆದಿಟ್ಟಿದ್ದೇನೆ ಎಂದಳು. ಉಳಿದರ್ಧ ಈಗ ಯಾರಲ್ಲಿಯೂ ಇಲ್ಲ.

ನಿಮ್ಮ ಮನೆಯಲ್ಲಿ ಹಾಡುವ ಅಜ್ಜಿಯಿದ್ದರೆ, ಕಥೆ ಹೇಳುವ ತಾತನಿದ್ದರೆ, ಕಾಲೇಜು ತೆರೆಯುವವರೆಗೆ ಕಾಯಬೇಡಿ. ಇಂದು ಸಂಜೆ ಊಟವಾದ ಮೇಲೆ ಮಗಳ ಕೈಗೆ ಫೋನು ಕೊಟ್ಟು ಅವರ ಮುಂದೆ ಕೂರಿಸಿ. ಹಾಡನ್ನು ಹಿಡಿಯುವ ಮುನ್ನ ಹಾಡುವವರ ಹೆಸರನ್ನು, ಊರನ್ನು, ದಿನಾಂಕವನ್ನು ಬರೆದುಕೊಳ್ಳಲು ಹೇಳಿ. ಮುಂದೆ ಅವಳು ಏನು ಓದಬೇಕೆಂಬುದನ್ನು ಆಮೇಲೆ ಅವಳ ಜೊತೆಯಲ್ಲಿಯೇ ಕುಳಿತು ನಿರ್ಧರಿಸಿ.