ಪಡಿಯಚ್ಚಿನ ಚರಿತ್ರೆ

ನಮ್ಮಲ್ಲಿ ಎರಕದ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ‘ಮಾನಸೋಲ್ಲಾಸ’ದಿಂದ ಶುರುಮಾಡುತ್ತಾರೆ. 12ನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ ಬರೆದ ಈ ಗ್ರಂಥದಲ್ಲಿ ಮೇಣದೆರಕದ ವಿಧಾನವಿದೆ. ಮೇಣದ ಮೂರ್ತಿಗೆ ಮಣ್ಣು ಮೆತ್ತಿ, ಕಾಯಿಸಿ ಮೇಣ ಹರಿಸಿ, ಆ ಟೊಳ್ಳಿಗೆ ಲೋಹ ಹೊಯ್ಯುವುದು. ಮೂರ್ತಿ ಹುಟ್ಟುವ ಹೊತ್ತಿಗೆ ಮಾದರಿ ಸತ್ತಿರುತ್ತದೆ. ಹಾಗಾಗಿ ಒಂದಕ್ಕೆ ಒಂದೇ. ಈ ‘ಒಂದೇ’ ಎಂಬುದಕ್ಕೆ ಗರ್ಭಗುಡಿ ಬೇಕು, ಬಾಗಿಲು ಬೇಕು, ಬಾಗಿಲಾಚೆ ನಿಲ್ಲಿಸಲು ನಾವೂ ಬೇಕು.

ಇನ್ನೊಂದು ಎರಕವಿದೆ. ಅದನ್ನು ನಾನು ಕಲಿತದ್ದು ಎಂ.ಎ. ತರಗತಿಯಲ್ಲಲ್ಲ, ಭದ್ರಾವತಿಯ ನಮ್ಮ ದೊಡ್ಡಪ್ಪನಿಂದ. ಹಿಂದೆ ಬೆಂಕಿಪುರ ಎನ್ನಿಸಿಕೊಂಡಿದ್ದ ಆ ಊರಿನಲ್ಲಿ 1923ರಲ್ಲಿ ಮೈಸೂರು ಸಂಸ್ಥಾನದ ಕಬ್ಬಿಣದ ಕುಲುಮೆ ಉರಿಯತೊಡಗಿತು. ದೊಡ್ಡಪ್ಪ ಆ ಊರಿನ ಫೌಂಡ್ರಿಯೊಂದರಲ್ಲಿ ಮರಳು ಕುಟ್ಟಿದವರು. “ಪ್ಯಾಟರ್ನ್ ಒಂದು ಚೆನ್ನಾಗಿದ್ರೆ ಸಾಕು ಕಣೋ, ಮರಳು ಎಷ್ಟು ಸಲ ಬೇಕಾದ್ರೂ ಒಡೀಲಿ” ಅಂತಿದ್ದರು.

ಜೇಡಿ ಬೆರೆತ ಹಸಿ ಮರಳನ್ನು ಪೆಟ್ಟಿಗೆಯೊಳಗೆ ಮಾದರಿಯ ಸುತ್ತ ಕುಟ್ಟಿ, ಪೆಟ್ಟಿಗೆ ಬಿಡಿಸಿ ಮಾದರಿ ಎತ್ತಿದರೆ ಉಳಿಯುವ ಗುಳಿಯೇ ಅಚ್ಚು. ಕಬ್ಬಿಣದ ಚಕ್ರಕ್ಕೂ ಕಂಚಿನ ಪ್ರತಿಮೆಗೂ ತತ್ವ ಇದೇ. ಪ್ರತಿಮೆಯಲ್ಲಿ ಪೇಚಾಟ ಹೆಚ್ಚು. ಕೋಟಿನ ಮಡಿಕೆ, ಕಂಕುಳು, ಚಾಚಿದ ಕೈ, ಇಂಥ ಕಡೆ ಮಾದರಿ ಎತ್ತುವಾಗ ಮರಳೇ ಕಿತ್ತುಬರುತ್ತದೆ. ಅದಕ್ಕೇ ಮಾದರಿಯನ್ನು ತುಂಡು ಮಾಡುತ್ತಾರೆ, ಇಲ್ಲವೇ ಮರಳನ್ನು ಬಿಡಿಬಿಡಿಯಾಗಿ ಕುಟ್ಟಿ ಜೋಡಿಸುತ್ತಾರೆ. ಕಂಚು ಆರುವಾಗ ನೂರಕ್ಕೆ ಸುಮಾರು ಒಂದೂವರೆಯಷ್ಟು ಕುಗ್ಗುವುದರಿಂದ ಮಾದರಿ ಅಷ್ಟು ದೊಡ್ಡದಿರಬೇಕು. ಎರಕವಾದ ಪ್ರತಿಮೆಯನ್ನೇ ಮಾದರಿ ಮಾಡಿಕೊಂಡರೆ ಮುಂದಿನದು ಸಣ್ಣದು, ಅದರ ಮುಂದಿನದು ಮತ್ತೂ ಸಣ್ಣದು, ಮುಖದ ಗೆರೆಗಳೂ ಮಾಸುತ್ತವೆ. (ಓದುಗರಿಗೆ ನಮ್ಮ ಕೆಲವು ನಾಯಕರ ನೆನಪಾದರೆ ತಪ್ಪು ನನ್ನದಲ್ಲ.)

ಹೀಗಾಗಿ ಮೂಲ ಮಾದರಿ ಎಂಬುದು ಆಸ್ತಿ. 19ನೇ ಶತಮಾನದ ಪ್ಯಾರಿಸ್ಸಿನ ಶಿಲ್ಪಿ ಬಾರಿ ತನ್ನ ಪ್ರಾಣಿಶಿಲ್ಪಗಳಿಗೆ ಕಂಚಿನಲ್ಲೇ ಮೂಲ ಮಾದರಿಗಳನ್ನು ಮಾಡಿಟ್ಟುಕೊಂಡಿದ್ದ. 1848ರಲ್ಲಿ ದಿವಾಳಿಯೆದ್ದಾಗ ಸಾಲ ಕೊಟ್ಟವನ ಪಾಲಾದದ್ದು ಅವೇ. ಕೆಲವು ವರ್ಷ ಶಿಲ್ಪಿಯ ಹೆಸರಿನಲ್ಲಿ ಎರಕ ಹೊಯ್ಸಿ ಮಾರಿದವನು ಸಾಲಿಗ.

ನಮ್ಮ ಮಾದರಿಯ ಕಥೆ ಬೇರೆ. 1967ರ ಏಪ್ರಿಲ್ 2ರಂದು ಸಂಸತ್ ಭವನದ ಆವರಣದಲ್ಲಿ ಬಿ.ವಿ. ವಾಘ್ ರೂಪಿಸಿದ ಅಂಬೇಡ್ಕರ್ ಕಂಚಿನ ಪ್ರತಿಮೆಯನ್ನು ರಾಷ್ಟ್ರಪತಿ ರಾಧಾಕೃಷ್ಣನ್ ಅನಾವರಣ ಮಾಡಿದರು. ಎತ್ತಿದ ಬಲಗೈ, ಎಡಗೈಯಲ್ಲಿ ಪುಸ್ತಕ. ಈ ಭಂಗಿ ಯಾವ ಫೌಂಡ್ರಿಯ ಬೀಗದೊಳಗೂ ಉಳಿಯಲಿಲ್ಲ. 1970ರ ದಶಕದಲ್ಲಿ ಭದ್ರಾವತಿಯ ಕನ್ನಡ ಮೇಷ್ಟ್ರು ಬಿ. ಕೃಷ್ಣಪ್ಪನವರ ಮುಂದಾಳತ್ವದಲ್ಲಿ ರೂಪುಗೊಂಡ ದಲಿತ ಸಂಘರ್ಷ ಸಮಿತಿ ಬಾಬಾಸಾಹೇಬರನ್ನು ಕೇರಿ ಕೇರಿಗೆ ಮುಟ್ಟಿಸಿತು. ಸಿಮೆಂಟಿನಲ್ಲಿ, ಫೈಬರಿನಲ್ಲಿ, ಚಂದಾ ಎತ್ತಿ ದುಡ್ಡು ಕೂಡಿದ ಕಡೆ ಕಂಚಿನಲ್ಲಿ ಅದೇ ಭಂಗಿ ಎದ್ದು ನಿಂತಿತು. ‘ಎಲ್ಲ ಒಂದೇ ಥರ, ಇದರಲ್ಲೇನು ಕಲೆ?’ ಎಂದು ಮೂಗು ಮುರಿಯುವ ಕಲಾವಿಮರ್ಶೆ ಇನ್ನೂ ಗರ್ಭಗುಡಿಯ ಅಳತೆಗೋಲನ್ನೇ ಹಿಡಿದಿದೆ. ಇಲ್ಲಿ ಮೂಲವಿಗ್ರಹವೂ ಇಲ್ಲ, ಉತ್ಸವಮೂರ್ತಿಯೂ ಇಲ್ಲ. ದೆಹಲಿಯದು ಹೆಚ್ಚಲ್ಲ, ನಮ್ಮ ಕೇರಿಯದು ಕಮ್ಮಿಯಲ್ಲ.

ಕಳೆದ ಏಪ್ರಿಲ್ 14ಕ್ಕೆ ದೊಡ್ಡಪ್ಪನನ್ನು ಶಿವಮೊಗ್ಗಕ್ಕೆ ಕರೆತಂದಿದ್ದೆ. ಹಾರ ಹಾಕಿದ ಮೇಲೆ ಅವರು ಪ್ರತಿಮೆಯ ಬುಡದಲ್ಲೇ ನಿಂತು ಪ್ಯಾಂಟಿನ ಮಡಿಕೆಯ ಮೇಲೆ ಬೆರಳಾಡಿಸಿದರು. “ಇಲ್ಲಿ ಕೂಡ್ಸಿದಾರೆ ನೋಡು.” ಆಮೇಲೆ ಕಲ್ಲಿನ ಫಲಕ ಓದಿಸಿದರು. ಉದ್ಘಾಟಕರು, ಅಧ್ಯಕ್ಷರು, ಶಿಲ್ಪಿ.

“ಮರಳು ಕುಟ್ದೋನ ಹೆಸರು ಹಿಂದ್ಗಡೆ ಏನಾದ್ರೂ ಐತಾ, ನೋಡ್ಕೊಂಡು ಬಾ” ಅಂದರು.