ಸವಾರನ ಕಾಲು

ಲಕ್ಕೂರಿನಿಂದ ಮಾಲೂರಿನ ಕಡೆಗೆ ಹೋಗುವ ರಸ್ತೆಯ ಬದಿಯಲ್ಲಿ ಡಿಸೆಂಬರ್ ತಿಂಗಳ ಬೆಳಗಿನ ಜಾವ ಒಮ್ಮೆ ನಿಂತು ನೋಡಬೇಕು. ನೀಲಗಿರಿ ತೋಪುಗಳ ನಡುವೆ ಮಂಜು ಇನ್ನೂ ಕರಗಿರುವುದಿಲ್ಲ. ಹಾಲಿನ ಕ್ಯಾನು ಕಟ್ಟಿಕೊಂಡ ಟಿವಿಎಸ್ ಒಂದು, ಟೊಮೆಟೊ ಕ್ರೇಟು ಹೇರಿಕೊಂಡ ಬೈಕ್ ಇನ್ನೊಂದು, ಹಿಂದೆಯೇ ಬೆಳಗಿನ ಪಾಳಿಗೆ ಹೊರಟ ಹುಡುಗರ ಸಾಲು. ಒಬ್ಬೊಬ್ಬರ ತಲೆಗೂ ಮಂಕಿ ಕ್ಯಾಪ್, ಅದರ ಮೇಲೆ ಮಫ್ಲರ್, ಮೈಗೆ ಎರಡು ಸ್ವೆಟರ್. ಕಣ್ಣು ಕೆಳಗೆ ಇಳಿಸಿದರೆ ಕಾಣುವುದು ಹವಾಯಿ ಚಪ್ಪಲಿ. ಬೆರಳುಗಳು ನೀಲಿಗಟ್ಟಿ ಗೇರಿನ ಕಡ್ಡಿಯ ಮೇಲೆ ಮುದುಡಿಕೊಂಡಿರುತ್ತವೆ.

ತಲೆಗೆ ಸಿಕ್ಕ ಮರ್ಯಾದೆ ಕಾಲಿಗೇಕೆ ಸಿಗಲಿಲ್ಲ? ಬಡತನ ಒಂದು ಉತ್ತರ. ಆದರೆ ಅಷ್ಟೇ ಅಲ್ಲ. ನಮ್ಮ ನಾಡಿನಲ್ಲಿ ಬೂಟಿಗೆ ದೊಡ್ಡದೊಂದು ಚರಿತ್ರೆಯಿದೆ, ಅದರಲ್ಲಿ ಬೂಟು ತೊಟ್ಟವರು ಬೇರೆ, ಹೊಲಿದವರು ಬೇರೆ.

ಚಳಿಯ ಲೆಕ್ಕವನ್ನು ಮೊದಲು ಮುಗಿಸಿಬಿಡೋಣ. ಗಾಳಿ ಬೀಸಿದಾಗ ಚಳಿ ಹೆಚ್ಚೆನಿಸುವುದನ್ನು ಅಳೆಯಲು ಹೊರಟವರು ಪಾಲ್ ಸಿಪ್ಲ್ ಮತ್ತು ಚಾರ್ಲ್ಸ್ ಪ್ಯಾಸೆಲ್ ಎಂಬ ಇಬ್ಬರು ಅಮೆರಿಕನ್ನರು. ಅಂಟಾರ್ಕ್ಟಿಕಾದಲ್ಲಿ ನೀರು ಎಷ್ಟು ಬೇಗ ಹೆಪ್ಪುಗಟ್ಟುತ್ತದೆಂದು ನೋಡಿ ಅವರು ಹಾಕಿದ ಲೆಕ್ಕ 1945ರಲ್ಲಿ ಪ್ರಕಟವಾಯಿತು. ಅಮೆರಿಕ ಮತ್ತು ಕೆನಡಾ ಅದನ್ನು 2001ರಲ್ಲಿ ತಿದ್ದಿದವು. ಆ ಸೂತ್ರದಂತೆ 10 ಡಿಗ್ರಿ ಸೆಲ್ಸಿಯಸ್‌ನ ಗಾಳಿಯಲ್ಲಿ 80 ಕಿ.ಮೀ. ವೇಗದಲ್ಲಿ ಹೋಗುವವನ ತೆರೆದ ಚರ್ಮಕ್ಕೆ ತಟ್ಟುವುದು ಸುಮಾರು 4 ಡಿಗ್ರಿಯ ಚಳಿ. ಗಾಳಿಯೇ 5 ಡಿಗ್ರಿಯಿದ್ದರೆ ಅದು ಸೊನ್ನೆಗಿಂತ ಕೆಳಗಿಳಿಯುತ್ತದೆ. ಹೃದಯ, ಶ್ವಾಸಕೋಶಗಳನ್ನು ಬೆಚ್ಚಗಿಡಲು ದೇಹವು ಕೈಕಾಲುಗಳಿಗೆ ಹೋಗುವ ರಕ್ತವನ್ನು ಕಡಿತ ಮಾಡುತ್ತದೆ. ಹಿಂದಿನ ಚಕ್ರದ ಬ್ರೇಕ್ ಇರುವುದು ಕಾಲಿನಡಿ. ಮರಗಟ್ಟಿದ ಕಾಲಿಗೆ ತಾನು ಬ್ರೇಕನ್ನು ಎಷ್ಟು ಒತ್ತಿದೆನೆಂಬುದೇ ತಿಳಿಯುವುದಿಲ್ಲ.

ಇನ್ನು ಚರಿತ್ರೆಗೆ ಬರೋಣ. ಮಥುರಾದ ವಸ್ತುಸಂಗ್ರಹಾಲಯದಲ್ಲಿ ಕುಷಾಣ ದೊರೆ ಕನಿಷ್ಕನ ತಲೆಯಿಲ್ಲದ ಪ್ರತಿಮೆಯೊಂದಿದೆ. ತಲೆ ಕಳೆದುಹೋದರೂ ಭಾರೀ ಬೂಟುಗಳು ಉಳಿದುಕೊಂಡಿವೆ. ಮಧ್ಯ ಏಷ್ಯಾದ ಚಳಿಯಲ್ಲಿ ಕುದುರೆಯ ಬೆನ್ನ ಮೇಲೆ ಬದುಕಿದ ಜನ ತಂದ ಉಡುಪು ಅದು. ಅವರ ಪ್ರಭಾವದಿಂದ ಉತ್ತರ ಭಾರತದ ಸೂರ್ಯ ವಿಗ್ರಹಗಳೂ ಎತ್ತರದ ಬೂಟು ತೊಟ್ಟವು. ಸೂರ್ಯನಿಗೆ ಉತ್ತರದವರ ವೇಷ ಇರಬೇಕೆಂದು ವರಾಹಮಿಹಿರನೂ ಹೇಳುತ್ತಾನೆ. ಅದೇ ಸೂರ್ಯ ದಕ್ಷಿಣಕ್ಕೆ ಬಂದಾಗ ನಮ್ಮ ಶಿಲ್ಪಿಗಳು ಅವನನ್ನು ಬರಿಗಾಲಿನಲ್ಲಿ ನಿಲ್ಲಿಸಿದರು. ದೇವರಾದರೂ ನಮ್ಮೂರಿನ ಹವೆಗೆ ತಕ್ಕಂತೆ ಇರಬೇಕಲ್ಲ!

ಮುಂದೆ ದಖ್ಖನಿಗೆ ಬಂದ ಸವಾರರು ಪಾದರಕ್ಷೆಯ ಜೊತೆಗೆ ಅದರ ಹೆಸರುಗಳನ್ನೂ ತಂದರು. ಫಾರ್ಸಿಯ 'ಪಾ' ಎಂದರೆ ಕಾಲು, 'ಪೋಶ್' ಎಂದರೆ ಹೊದಿಕೆ. ಅದು ಕನ್ನಡದಲ್ಲಿ ಪಾಪಾಸು ಆಯಿತು. ಕೋಲಾರದ ಬಂಡೆಗಳ ನಡುವೆ ಬೆಳೆಯುವ ಪಾಪಾಸುಕಳ್ಳಿಯಲ್ಲೂ ಆ ಪದ ಉಳಿದಿದೆ. ಫಾರ್ಸಿಯಲ್ಲಿ ಬೂಟು ಎಂಬ ಅರ್ಥವಿದ್ದ 'ಮೋಝ' ನಮ್ಮ ಮನೆಗಳ ಉರ್ದುವಿನಲ್ಲಿ ಕಾಲುಚೀಲವಾಗಿ ಕುಗ್ಗಿತು. ಕೋಲಾರದ ಫೌಜುದಾರನಾಗಿದ್ದ ಫತೇ ಮುಹಮ್ಮದ್‌ನ ಮಗ, ಬೂದಿಕೋಟೆಯಲ್ಲಿ ಹುಟ್ಟಿದ ಹೈದರಾಲಿ, ಕುದುರೆ ಸವಾರರ ಬಲದಿಂದಲೇ ಮೇಲೆ ಬಂದವನು. ಸವಾರ ಎಂಬ ಪದಕ್ಕೆ ಈ ಸೀಮೆಯಲ್ಲಿ ಅಂದಿನಿಂದಲೂ ಒಂದು ಗತ್ತಿದೆ. ಇಂದು ಆ ಗತ್ತು ಬೈಕ್ ಹತ್ತಿದೆ. ಕಾಲಿನ ರಕ್ಷಣೆ ಮಾತ್ರ ಹಿಂದೆಯೇ ಉಳಿಯಿತು.

ಮುಸ್ಲಿಂ ಓದುಗರಿಗೆ ಚಳಿಯ ಪಾದರಕ್ಷೆಯ ಮಾತು ಹೊಸದಲ್ಲ. ಮದ್ರಸದಲ್ಲಿ ವುಝೂವಿನ ಪಾಠ ಕಲಿತವರಿಗೆ 'ಖುಫ್ಫ್' ಗೊತ್ತು. ಕಾಲಿನ ಗೆಣ್ಣು ಮುಚ್ಚುವ ಚರ್ಮದ ಕಾಲುಚೀಲ ಅದು. ಶುದ್ಧಿಯಿಂದಿದ್ದಾಗ ಅದನ್ನು ತೊಟ್ಟವನು ಮುಂದಿನ ವುಝೂಗಳಲ್ಲಿ ಕಾಲು ತೊಳೆಯಬೇಕಿಲ್ಲ, ಒದ್ದೆ ಕೈಯಿಂದ ಸವರಿದರೆ ಸಾಕು. ಊರಿನಲ್ಲಿರುವವನಿಗೆ ಒಂದು ಹಗಲು ಒಂದು ರಾತ್ರಿ, ಪ್ರಯಾಣಿಕನಿಗೆ ಮೂರು ಹಗಲು ಮೂರು ರಾತ್ರಿ ಈ ರಿಯಾಯಿತಿ. ಪ್ರಯಾಣವೊಂದರಲ್ಲಿ ಪ್ರವಾದಿ(ಸ)ಯವರ ಖುಫ್ಫ್ ಕಳಚಲು ಹಝ್ರತ್ ಮುಗೀರ(ರ) ಬಗ್ಗಿದಾಗ, ಇರಲಿ ಬಿಡು, ಶುದ್ಧಿಯಿಂದಿದ್ದಾಗಲೇ ತೊಟ್ಟಿದ್ದೇನೆ ಎಂದು ಅವರು ತಡೆದ ಪ್ರಸಂಗ ಹದೀಸ್‌ಗಳಲ್ಲಿದೆ. ಅಬಿಸೀನಿಯದ ದೊರೆ ನಜಾಶಿ ಅವರಿಗೆ ಒಂದು ಜೊತೆ ಕಪ್ಪು ಖುಫ್ಫ್ ಉಡುಗೊರೆ ಕಳುಹಿಸಿದ್ದನು. ಇನ್ನೊಂದು ವರದಿ ನಮ್ಮ ವಿಷಯಕ್ಕೆ ಇನ್ನೂ ಹತ್ತಿರ. ದಂಡಯಾತ್ರೆಗೆ ಹೋಗಿ ಚಳಿಯಲ್ಲಿ ನರಳಿ ಬಂದ ತಂಡಕ್ಕೆ, ಮುಂಡಾಸು ಮತ್ತು 'ತಸಾಖೀನ್'ಗಳ ಮೇಲೆಯೇ ಸವರಿಕೊಳ್ಳಿ ಎಂದು ಪ್ರವಾದಿ(ಸ) ಹೇಳಿದರು. ತಸಾಖೀನ್ ಎಂದರೆ ಬೆಚ್ಚಗಿಡುವ ವಸ್ತುಗಳು.

ಖುಫ್ಫ್ ಹೇಗಿರಬೇಕೆಂದು ಹನಫಿ ಫಿಕ್ಹ್‌ನ ವಿದ್ವಾಂಸರು ಹಾಕಿದ ಷರತ್ತುಗಳನ್ನು ಒಬ್ಬ ಬೈಕ್ ಸವಾರನ ಕಣ್ಣಿನಿಂದ ಓದಿ ನೋಡಿ. ಗೆಣ್ಣು ಪೂರ್ತಿ ಮುಚ್ಚಬೇಕು. ಕಟ್ಟದೆಯೇ ಕಾಲಿನ ಮೇಲೆ ನಿಲ್ಲುವಷ್ಟು ಗಟ್ಟಿಯಿರಬೇಕು. ತೊಟ್ಟು ದೂರ ನಡೆದರೂ ಹರಿಯಬಾರದು. ಮೂರು ಕಿರುಬೆರಳುಗಳಷ್ಟು ದೊಡ್ಡ ತೂತು ಇರಬಾರದು. ನೀರು ಒಳಗಿನ ಪಾದಕ್ಕೆ ಇಳಿಯಬಾರದು. ಅವರ ಚಿಂತೆ ಆರಾಧನೆಯದು, ಅಪಘಾತದ್ದಲ್ಲ ಎಂಬುದು ನಿಜ. ಅದನ್ನು ವಿಜ್ಞಾನವೆಂದು ಕರೆದು ಬೀಗಬೇಕಾಗಿಯೂ ಇಲ್ಲ. ಆದರೂ ಚಳಿಯಲ್ಲಿ ದೂರ ಸಾಗುವ ಕಾಲಿಗೆ ಏನು ಬೇಕೆಂಬುದು ಅವರಿಗೆ ಅನುಭವದಿಂದ ಗೊತ್ತಿತ್ತು.

ಈ ಬೂಟುಗಳನ್ನು ಹೊಲಿದ ಕೈಗಳ ಮಾತು ಬಂದಾಗ ಚರಿತ್ರೆ ಕಹಿಯಾಗುತ್ತದೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಶರಣ ಹರಳಯ್ಯ ಮತ್ತು ಅವನ ಪತ್ನಿ ತಮ್ಮ ತೊಡೆಯ ಚರ್ಮದಿಂದ ಬಸವಣ್ಣನಿಗೆ ಪಾದರಕ್ಷೆ ಮಾಡಿದರೆಂಬ ಕಥೆ ನಮ್ಮೆಲ್ಲರಿಗೂ ಗೊತ್ತು. ಬಸವಣ್ಣ ಅದನ್ನು ಕಾಲಿಗೆ ಮೆಟ್ಟಲಿಲ್ಲ, ತಲೆಯ ಮೇಲಿಟ್ಟುಕೊಂಡ. ಆದರೆ ಹರಳಯ್ಯನ ಕುಲದವರು ಮೇಲ್ಜಾತಿಯ ಕೇರಿಯಲ್ಲಿ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ನಡೆಯಬೇಕಾದ ಸ್ಥಿತಿ ಇಪ್ಪತ್ತನೆಯ ಶತಮಾನದಲ್ಲೂ ಎಷ್ಟೋ ಹಳ್ಳಿಗಳಲ್ಲಿತ್ತು. ಚರ್ಮ ಹದ ಮಾಡಿದವನಿಗೇ ಚರ್ಮದ ರಕ್ಷಣೆ ಇಲ್ಲ!

ಹದ ಮಾಡಿದ ಚರ್ಮ ಶುದ್ಧ ಎಂಬ ಪ್ರವಾದಿವಚನ ಇದ್ದುದರಿಂದ ಮುಸ್ಲಿಮರಿಗೆ ಈ ಕಸುಬಿನಲ್ಲಿ ಮೈಲಿಗೆಯ ಅಡ್ಡಿ ಇರಲಿಲ್ಲ. ಕೋಲಾರದ ಗಡಿ ದಾಟಿದರೆ ಸಿಗುವ ವಾಣಿಯಂಬಾಡಿ, ಆಂಬೂರು, ಪೇರ್ಣಾಂಬಟ್ಟುಗಳು ಮುಸ್ಲಿಂ ವ್ಯಾಪಾರಿಗಳ ಕೈಯಲ್ಲಿ ಚರ್ಮದ ಪಟ್ಟಣಗಳಾಗಿ ಬೆಳೆದವು. ನಮ್ಮ ಬಯಲಿನಲ್ಲೂ ಹಳದಿ ಹೂ ಬಿಡುವ ತಂಗಡಿ ಗಿಡದ ತೊಗಟೆಯಿಂದ ಹದ ಮಾಡಿದ ಚರ್ಮ ಮದರಾಸಿನಿಂದ ಹಡಗು ಹತ್ತಿ ಲಂಡನ್ನಿಗೆ ಹೋಗುತ್ತಿತ್ತು. ಇಂದು ಅಲ್ಲಿನ ಕಾರ್ಖಾನೆಗಳು ಯುರೋಪಿನ ಕಂಪೆನಿಗಳಿಗೆ ಶೂ ಹೊಲಿಯುತ್ತವೆ. ಆಂಬೂರಿನ ಉದ್ಯಮಿ ಮೆಕ್ಕಾ ರಫೀಕ್ ಅಹ್ಮದ್‌ರಿಗೆ 2011ರಲ್ಲಿ ಪದ್ಮಶ್ರೀ ಬಂತು. ಹೆಮ್ಮೆಪಡೋಣ. ಜೊತೆಗೆ, ನಮ್ಮ ಕಡೆಯಿಂದ ಹರಿದುಹೋಗುವ ಪಾಲಾರ್ ನದಿ ಆ ಪಟ್ಟಣಗಳಲ್ಲಿ ಏನಾಯಿತೆಂಬುದನ್ನೂ ಹೇಳಲೇಬೇಕು. ಟ್ಯಾನರಿಗಳ ಕೊಳೆ ನೀರಿನಿಂದ ಬಾವಿ, ಹೊಲಗಳು ಕೆಟ್ಟವೆಂದು ವೆಲ್ಲೂರಿನ ನಾಗರಿಕರು ಸುಪ್ರೀಂ ಕೋರ್ಟಿಗೆ ಹೋದರು. ಕೆಡಿಸಿದವನೇ ದಂಡ ತೆರಬೇಕೆಂಬ ತತ್ವವನ್ನು ನ್ಯಾಯಾಲಯ 1996ರಲ್ಲಿ ಎತ್ತಿಹಿಡಿದದ್ದು ಆ ಮೊಕದ್ದಮೆಯಲ್ಲೇ. ನಮ್ಮವರ ಉದ್ಯಮವೆಂಬ ಕಾರಣಕ್ಕೆ ಈ ಮಾತನ್ನು ನುಂಗಿಕೊಳ್ಳುವುದು ಸರಿಯಲ್ಲ.

ಚಳಿಯಲ್ಲಿ ಎಂಥ ಬೂಟು ಬೇಕೆಂಬ ಪಾಠವನ್ನು ಜಗತ್ತು ಕಲಿತದ್ದು ಸಿಪಾಯಿಗಳ ಕಾಲುಗಳ ಬೆಲೆ ತೆತ್ತು. 1914ರ ಕೊನೆಗೆ ಫ್ರಾನ್ಸಿನ ಕಂದಕಗಳಿಗೆ ಹೋದ ಭಾರತೀಯ ಸೈನಿಕರಲ್ಲಿ ಅನೇಕರು ಬೇಸಿಗೆಯ ಹತ್ತಿ ಬಟ್ಟೆಯಲ್ಲಿ ಹಡಗಿಳಿದಿದ್ದರು. ಆ ಯುದ್ಧದಲ್ಲಿ 'ಕಂದಕ ಪಾದ' ಎಂಬ ರೋಗಕ್ಕೆ ಹತ್ತಾರು ಸಾವಿರ ಜನ ತುತ್ತಾದರು. ಹಿಮವೇ ಬೇಕಿರಲಿಲ್ಲ. ತಣ್ಣನೆಯ ನೀರು, ಬಿಗಿಯಾದ ಬೂಟು, ಕಾಲಿಗೆ ಬಿಗಿದು ಸುತ್ತಿದ ಪಟ್ಟಿ, ಇಷ್ಟು ಸೇರಿದರೆ ಸಾಕಿತ್ತು. ದಿನಕ್ಕೆ ಹಲವು ಸಲ ಒಣ ಕಾಲುಚೀಲ ಬದಲಿಸುವುದು, ಬಿಗಿತ ಸಡಿಲಿಸುವುದು, ಪಾದಕ್ಕೆ ತಿಮಿಂಗಿಲದ ಎಣ್ಣೆ ಉಜ್ಜುವುದು ಇದಕ್ಕೆ ಕಂಡುಕೊಂಡ ಉಪಾಯಗಳು. 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಮೈಸೂರು ಲ್ಯಾನ್ಸರ್ಸ್ ಕುದುರೆಯೇರಿ ನುಗ್ಗುವ ಹೊತ್ತಿಗೆ ಕುದುರೆಯ ಯುಗವೇ ಮುಗಿಯುತ್ತಿತ್ತು. ಸೈನ್ಯದ ಸಂದೇಶ ಒಯ್ಯುವವರು ಆಗಲೇ ಮೋಟಾರ್ ಸೈಕಲ್ ಹತ್ತಿದ್ದರು. ಕುದುರೆ ಸವಾರನ ಎತ್ತರದ ಬೂಟು ಹಾಗೆ ಯಂತ್ರದ ಸವಾರನ ಕಾಲಿಗೆ ಬಂತು. ಇಷ್ಟೆಲ್ಲ ಕಲಿತ ಮೇಲೂ 1962ರಲ್ಲಿ ನಮ್ಮ ಜವಾನರು ಹಿಮಾಲಯದಲ್ಲಿ ಕ್ಯಾನ್ವಾಸ್ ಶೂ ತೊಟ್ಟು ಹೋರಾಡಬೇಕಾಯಿತು.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಜಾವಾ, ಯೆಜ್ಡಿಗಳನ್ನು ತಯಾರಿಸಿತು. ಆ ಗಾಡಿಯಲ್ಲಿ ಕಿಕ್ಕರ್ ಮತ್ತು ಗೇರು ಎರಡೂ ಒಂದೇ ಕಡ್ಡಿ. ಚಪ್ಪಲಿ ಕಾಲಿನಿಂದ ಯೆಜ್ಡಿ ಒದೆಯಲು ಹೋಗಿ ಮರುಒದೆ ತಿಂದವರು ಆ ನೋವನ್ನು ಈಗಲೂ ನೆನೆಯುತ್ತಾರೆ. ಇಂದು ಲಕ್ಕೂರಿನ ಒಂದು ಕಡೆಗೆ ಹೊಸೂರಿನ ಟಿವಿಎಸ್, ಇನ್ನೊಂದು ಕಡೆಗೆ 2013ರಲ್ಲಿ ಶುರುವಾದ ನರಸಾಪುರದ ಹೋಂಡಾ. ಎರಡು ಬೈಕ್ ಕಾರ್ಖಾನೆಗಳ ನಡುವಿನ ಊರು! ಸ್ಪರ್ಧೆಯ ಸವಾರಿಯೂ ಜಿಲ್ಲೆಗೆ ಬಂದಿದೆ. ಬೆಂಗಳೂರಿನ ಸಿ.ಎಸ್. ಸಂತೋಷ್ ಮಣ್ಣುಹಾದಿಯ ಸವಾರಿ ಕಲಿಸಲು ಬಿಗ್ ರಾಕ್ ಡರ್ಟ್ ಪಾರ್ಕ್ ಕಟ್ಟಿದ್ದು ಕೋಲಾರ ಜಿಲ್ಲೆಯ ಬಂಡೆಗಳ ನಡುವೆಯೇ.

ಡಕಾರ್ ರ‍್ಯಾಲಿಯನ್ನು ಪೂರ್ತಿಗೊಳಿಸಿದ ಮೊದಲ ಭಾರತೀಯ ಸಂತೋಷ್. ದಕ್ಷಿಣ ಅಮೆರಿಕದಲ್ಲಿ ನಡೆದ 2015ರ ಆ ಓಟದಲ್ಲಿ ಅವರದು 36ನೇ ಸ್ಥಾನ. ಡಕಾರ್ ಎಂದರೆ ಮರಳುಗಾಡಿನ ಬಿಸಿಲೆಂದು ನಾವು ತಿಳಿದಿದ್ದೇವೆ. ಆ ವರ್ಷ ಬೈಕ್ ಸವಾರರು ಬೊಲಿವಿಯಾದ ಉಯುನಿ ಉಪ್ಪಿನ ಬಯಲನ್ನು ದಾಟಬೇಕಿತ್ತು. ಸಮುದ್ರ ಮಟ್ಟದಿಂದ 3,600 ಮೀಟರಿಗೂ ಎತ್ತರದ ಆ ಬಯಲು ಮಳೆಯಿಂದ ಕೆರೆಯಾಗಿತ್ತು. ಕೊರೆಯುವ ಚಳಿಯಲ್ಲಿ ಚಕ್ರ ಚಿಮ್ಮಿಸಿದ ಉಪ್ಪುನೀರು ಎಂಜಿನ್ನಿಗೂ ಬೂಟಿಗೂ ನುಗ್ಗಿತು. ಹಲವರ ಬೈಕ್‌ಗಳು ಅಲ್ಲೇ ಕೆಟ್ಟುನಿಂತವು. ನಮ್ಮಲ್ಲೇ 1999ರಲ್ಲಿ ಆರಂಭವಾದ ರೇಡ್ ಡಿ ಹಿಮಾಲಯವೂ ಅಕ್ಟೋಬರ್ ತಿಂಗಳ ಹಿಮದ ಹಾದಿಯಲ್ಲೇ ಸಾಗುತ್ತಿತ್ತು. ಇಂಥ ಓಟಗಳಲ್ಲಿ ಓಡಿಸುವಾಗ ಕಾಲು ಬೆವರುತ್ತದೆ, ಮುಂದಿನ ಹಂತಕ್ಕೆ ಕಾಯುವಾಗ ಆ ಬೆವರೇ ತಣ್ಣಗಾಗಿ ಕೊರೆಯುತ್ತದೆ. ಚಳಿ ಹೊರಗಿನಿಂದ ಬರುವಷ್ಟೇ ಒಳಗಿನಿಂದಲೂ ಬರುತ್ತದೆ.

ಹಾಗಾದರೆ ಕೊಳ್ಳುವಾಗ ಏನು ನೋಡಬೇಕು? ಯುರೋಪಿನಲ್ಲಿ ಮೋಟಾರ್ ಸೈಕಲ್ ಬೂಟಿಗೆ ಇ.ಎನ್. 13634 ಎಂಬ ಮಾನದಂಡವಿದೆ. ಒಳಗಿನ ಚೀಟಿಯಲ್ಲಿ ನಾಲ್ಕು ಅಂಕಿಗಳಿರುತ್ತವೆ: ಎತ್ತರ, ರಸ್ತೆಗೆ ಉಜ್ಜಿದಾಗ ತಡೆಯುವ ಶಕ್ತಿ, ಕೊಯ್ತ ತಡೆಯುವ ಶಕ್ತಿ, ಅಡ್ಡಡ್ಡ ಹಿಸುಕಿದರೆ ಮಡಚಿಕೊಳ್ಳದಿರುವ ಗಟ್ಟಿತನ. ಒಂದಕ್ಕಿಂತ ಎರಡು ಮೇಲು. ಬೈಕ್ ಕಾಲಿನ ಮೇಲೆ ಬಿದ್ದಾಗ ಪಾದವನ್ನು ಕಾಯುವುದು ಆ ನಾಲ್ಕನೆಯ ಅಂಕಿ. ಮೊಣಕಾಲವರೆಗಿನ ಮೋಟೋಕ್ರಾಸ್ ಬೂಟು ಮೂಳೆಯನ್ನು ಚೆನ್ನಾಗಿ ಕಾಯುತ್ತದೆ, ಆದರೆ ನೀರು ಬಿಡುತ್ತದೆ. ನೀರು ತಡೆಯುವ ಪೊರೆಯಿರುವ ದೂರ ಪ್ರಯಾಣದ ಬೂಟು ಬೆಚ್ಚಗಿರುತ್ತದೆ, ಆದರೆ ಏಟಿಗೆ ಅಷ್ಟು ಗಟ್ಟಿಯಲ್ಲ. ಸ್ಪರ್ಧೆಗೆ ಇಳಿಯುವವನು ಮೊದಲನೆಯದನ್ನು ಆರಿಸಿ ಒಳಗೆ ನೀರು ತಡೆಯುವ ಕಾಲುಚೀಲ ತೊಡುವುದು ಲೇಸು. ಏಕೆಂದರೆ ಒದ್ದೆ ಚೀಲ ಬದಲಿಸಬಹುದು, ಮುರಿದ ಗೆಣ್ಣನ್ನು ಬದಲಿಸಲಾಗದು.

ಲಕ್ಕೂರಿನ ಹಾಲಿನ ಹುಡುಗನಿಗೆ ಇವೆರಡೂ ದುಬಾರಿ. ಅವನಿಗೆ ಗೆಣ್ಣು ಮುಚ್ಚುವ, ದಪ್ಪ ರಬ್ಬರ್ ಅಟ್ಟೆಯ ಚರ್ಮದ ಬೂಟು ಸಾಕು. ಕಾರ್ಖಾನೆಯ ಸೇಫ್ಟಿ ಶೂ ಇದ್ದರೆ ಚಪ್ಪಲಿಗಿಂತ ಎಷ್ಟೋ ವಾಸಿ. ಆದರೆ ಅದರ ಉಕ್ಕಿನ ಮೂತಿ ಚಳಿಯನ್ನು ಹೀರುತ್ತದೆ, ಗೇರಿನ ಕಡ್ಡಿಯ ಕೆಳಗೆ ಸುಲಭವಾಗಿ ನುಗ್ಗುವುದೂ ಇಲ್ಲ. ಕೊಳ್ಳುವ ಮುನ್ನ ಗಾಡಿಯ ಮೇಲೆ ಕೂತು ಗೇರು ಹಾಕಿ ನೋಡಬೇಕು. ಬೂಟು ಕೊಳ್ಳಲು ಸಂಜೆ ಹೋಗುವುದು ಒಳ್ಳೆಯದು, ಆ ಹೊತ್ತಿಗೆ ಪಾದ ಸ್ವಲ್ಪ ಊದಿರುತ್ತದೆ. ತೊಡಲಿರುವ ಉಣ್ಣೆಯ ಕಾಲುಚೀಲವನ್ನು ಹಾಕಿಕೊಂಡೇ ಅಳತೆ ನೋಡಬೇಕು. ಒಳಗೆ ಬೆರಳು ಆಡದಿದ್ದರೆ ಎಷ್ಟು ದಪ್ಪ ಬೂಟಾದರೂ ಚಳಿಯೇ. ಎರಡು ಹತ್ತಿಯ ಚೀಲಕ್ಕಿಂತ ಒಂದು ಉಣ್ಣೆಯ ಚೀಲ ಮೇಲು. ಹತ್ತಿ ಬೆವರು ಕುಡಿದು ತಣ್ಣಗಾಗುತ್ತದೆ, ಉಣ್ಣೆ ತೇವವಾದರೂ ಬೆಚ್ಚಗಿರುತ್ತದೆ. ಕಂಬಳಿ ಹೊದ್ದು ಮಳೆಯಲ್ಲಿ ಕುರಿ ಕಾಯುವ ನಮ್ಮ ಕುರುಬರನ್ನು ಕೇಳಿದರೆ ಹೇಳುತ್ತಾರೆ. ಬೂಟಿನ ದಾರವನ್ನು ಒಳಕ್ಕೆ ಸಿಕ್ಕಿಸಬೇಕು, ಇಲ್ಲದಿದ್ದರೆ ಗೇರಿಗೋ ಕಿಕ್ಕರಿಗೋ ತೊಡರಿಕೊಂಡು ಗಾಡಿ ನಿಲ್ಲಿಸುವಾಗ ಬೀಳಿಸುತ್ತದೆ.

ಕಾಲಿಗೆ ಪ್ಲಾಸ್ಟಿಕ್ ಕವರು ಸುತ್ತಿಕೊಳ್ಳುವ ಉಪಾಯ ಗಾಳಿಯನ್ನೇನೋ ತಡೆಯುತ್ತದೆ, ಬೆವರನ್ನೂ ಒಳಗೇ ಹಿಡಿದಿಡುತ್ತದೆ. ಅರ್ಧ ಗಂಟೆಯ ದಾರಿಗೆ ಪರವಾಗಿಲ್ಲ. ಒದ್ದೆಯಾದ ಬೂಟನ್ನು ಒಲೆಯ ಮುಂದಿಟ್ಟರೆ ಚರ್ಮ ಬಿರಿಯುತ್ತದೆ. ಹಳೆಯ ದಿನಪತ್ರಿಕೆಯನ್ನು ಉಂಡೆ ಮಾಡಿ ಒಳಗೆ ತುರುಕಿ ರಾತ್ರಿಯಿಡೀ ಬಿಡಿ, ಒಂದೆರಡು ಸಲ ಕಾಗದ ಬದಲಿಸಿ. ಜಾಹೀರಾತಿನ ಪುಟಗಳಾದರೆ ಒಳ್ಳೆಯದು. ಈ ಮಾಸಪತ್ರಿಕೆ ಮಾತ್ರ ಬೇಡ, ಇದರಲ್ಲಿ ಗೌರವದ ಹೆಸರುಗಳಿರುತ್ತವೆ.